ನಮ್ಮ ಬಾಯ್ಲರ್ ನಂದಿಸಿದ ವರ್ಷ

ಉಗಿ ಮಾಡುವ ಬಾಯ್ಲರಿನ ತಪಾಸಣೆಯ ದಿನ ಹತ್ತಿರ ಬಂತೆಂದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕಾರ್ಖಾನೆಯ ಮೆಂಟೆನೆನ್ಸ್ ನನ್ನ ಜವಾಬ್ದಾರಿ. ಆ ವರ್ಷ ನೀರು ತುಂಬಿ ಒತ್ತಡ ಕೊಟ್ಟು ನೋಡಿದಾಗ ಒಳಗೆ ಬಿಸಿ ಹೊಗೆ ಹಾಯುವ ಕೊಳವೆಗಳಲ್ಲಿ, ಅಂದರೆ ಟ್ಯೂಬುಗಳಲ್ಲಿ, ಮೂರು ಸೋರುತ್ತಿದ್ದವು. ಸದ್ಯಕ್ಕೆ ಎರಡೂ ತುದಿಗೆ ಪ್ಲಗ್ ಹೊಡೆದು ಪಾಸು ಮಾಡಿಸಿಕೊಂಡೆವು. ಮುಂದಿನ ವರ್ಷಕ್ಕೆ ಎಲ್ಲ ಟ್ಯೂಬ್ ಬದಲಿಸಬೇಕು, ಇಲ್ಲವೇ ಹೊಸ ಬಾಯ್ಲರ್ ತರಬೇಕು ಅನ್ನುವುದು ಖಾತ್ರಿಯಾಯಿತು. ಆಗ ಮೀಟಿಂಗಿನಲ್ಲಿ ಯಜಮಾನರು ಸುಮ್ನೆ ಒಂದು ಮಾತು ಎಸೆದರು. "ಎಣ್ಣೆ ಬಿಟ್ಟು ಕರೆಂಟಿಗೆ ಹೋಗೋಕಾಗಲ್ವಾ? ನೋಡ್ರಿ ಒಂದ್ಸಲ."

ನೋಡುವುದು ನನ್ನ ತಲೆಗೆ ಬಂತು.

ನಮ್ಮದು ಯಂತ್ರದ ಬಿಡಿಭಾಗ ಮಾಡುವ ಜಾಗ. ಕಬ್ಬಿಣದ ತುಂಡುಗಳ ಎಣ್ಣೆ ಜಿಡ್ಡು ತೊಳೆಯಬೇಕು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಬೇಕು, ಒಣಗಿಸಬೇಕು, ಪೌಡರ್ ಕೋಟಿಂಗ್ ಮಾಡಿ, ಅಂದರೆ ಬಣ್ಣದ ಪುಡಿ ಹಿಡಿಸಿ, ಒಲೆಯಲ್ಲಿ ಬೇಯಿಸಬೇಕು. ಕೆಲವು ಶಾಫ್ಟುಗಳನ್ನು ಕುಲುಮೆಗೆ ಹಾಕಿ ಗಟ್ಟಿ ಮಾಡಬೇಕು. ತೊಳೆಯುವ ಏಳು ತೊಟ್ಟಿಗೂ ಒಣಗಿಸುವ ಕೋಣೆಗೂ ಬಿಸಿ ಬರುತ್ತಿದ್ದದ್ದು ಗಂಟೆಗೆ ಎರಡು ಟನ್ ಉಗಿ ಕೊಡುವ ಆ ಬಾಯ್ಲರಿನಿಂದ. ಅದಕ್ಕೆ ಫರ್ನೇಸ್ ಆಯಿಲ್, ಅಂದರೆ ಉರಿಸುವ ಮಂದ ಎಣ್ಣೆ. ಪೌಡರ್ ಒಲೆಗೆ ಬೇರೆ ಗ್ಯಾಸ್ ಬರ್ನರ್, ಕುಲುಮೆಗೆ ಇನ್ನೊಂದು ಎಣ್ಣೆ ಬರ್ನರ್.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ಎರಡು ಟನ್ನಿನ ಎಣ್ಣೆ ಬಾಯ್ಲರ್ ಇದೆಯಲ್ಲ, ಹಾಗಾದರೆ ಎರಡು ಟನ್ನಿನ ಎಲೆಕ್ಟ್ರಿಕ್ ಬಾಯ್ಲರ್ ತಂದಿಟ್ಟರಾಯಿತು ಅಂದುಕೊಂಡೆ. ಕೊಟೇಶನ್ ತರಿಸಿದೆ. ಅದು ಬರುವ ಮುಂಚೆಯೇ ಕಾಗದದ ಮೇಲೆ ಲೆಕ್ಕ ಹಾಕಿ ಬೆವತೆ. 100 ಡಿಗ್ರಿಯ ಒಂದು ಕಿಲೋ ನೀರನ್ನು ಉಗಿ ಮಾಡಲು 2,257 ಕಿಲೋಜೂಲ್ ಬೇಕು. ಅಂದರೆ ಒಂದು ಟನ್ನಿಗೆ ಸುಮಾರು 627 ಯೂನಿಟ್ (ಒಂದು ಕಿಲೋವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಗಂಟೆಗೆ ಎರಡು ಟನ್ ಅಂದರೆ 1,250 ಕಿಲೋವಾಟ್. ನಮ್ಮ ಟ್ರಾನ್ಸ್‌ಫಾರ್ಮರ್ ಇರುವುದೇ 750 ಕೆವಿಎ, ಹೆಚ್ಚುಕಡಿಮೆ ಅಷ್ಟೇ ಕಿಲೋವಾಟ್ ಅನ್ನಿ. ಅದರಲ್ಲಿ 480 ಆಗಲೇ ಮೋಟಾರುಗಳಿಗೆ ಹೋಗುತ್ತಿತ್ತು. ಹೊಸ ಟ್ರಾನ್ಸ್‌ಫಾರ್ಮರ್, ಹೊಸ ಪ್ಯಾನೆಲ್, ಹೊಸ ಕೇಬಲ್, ಅದರ ಮೇಲೆ ಹೊಸ ಮಂಜೂರಾತಿ. ಅದೆಲ್ಲ ಆದರೂ, ಅಷ್ಟೇ ಬಿಸಿಗೆ ಎಣ್ಣೆಗಿಂತ ಜಾಸ್ತಿ ಬಿಲ್. ಅಕೌಂಟ್ಸಿನವರು ಹಾಳೆ ನೋಡಿ ಏನೂ ಹೇಳಲಿಲ್ಲ. ಹಾಗೇ ವಾಪಸ್ ತಳ್ಳಿದರು.

ಎಲೆಕ್ಟ್ರಿಕ್ ಬಾಯ್ಲರ್ ಮಾರುವವರು 99 ಶೇಕಡಾ ದಕ್ಷತೆ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಉಗಿ ಬಾಯ್ಲರಿನಿಂದ ಹೊರಟ ಮೇಲೆ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಬಾಯ್ಲರ್ ಆಪರೇಟರ್ ಇದ್ದರಲ್ಲ, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯುವುದು. ಅವರು ಚಹಾ ಕುಡಿಯುತ್ತಾ ಹೇಳಿದರು. "ಎರಡು ಟನ್ ಯಾವತ್ತು ಓಡ್ಸಿದೀವಿ ಸಾರ್? ಬರ್ನರ್ ಅರ್ಧ ಹೊತ್ತು ಆಫೇ ಇರುತ್ತೆ." ಹದಿನಾಲ್ಕು ವರ್ಷ ಆ ಬಾಯ್ಲರ್ ಓಡಿದೆ. ನಿಜವಾಗಿ ನಮಗೆ ಎಷ್ಟು ಬಿಸಿ ಬೇಕು ಅಂತ ಒಬ್ಬರೂ ಅಳೆದಿರಲಿಲ್ಲ.

ಅಳೆಯೋಣ ಅಂತ ಕೂತೆವು. ಎಣ್ಣೆಯ ಲೆಕ್ಕ ಸುಲಭ. ಟ್ಯಾಂಕಿಗೆ ಕಡ್ಡಿ ಅದ್ದಿ ಬೆಳಿಗ್ಗೆ ಸಂಜೆ ಮಟ್ಟ ಬರೆದುಕೊಂಡೆವು. ಸರಾಸರಿ ಗಂಟೆಗೆ 55 ಲೀಟರ್. ಒಂದು ಲೀಟರ್ ಫರ್ನೇಸ್ ಆಯಿಲಿನಲ್ಲಿ ಹತ್ತಿರ ಹತ್ತಿರ 10.7 ಯೂನಿಟ್ ಶಾಖ ಇರುತ್ತದೆ. ಅಂದರೆ 590 ಕಿಲೋವಾಟ್ ಬೆಂಕಿ ಉರಿಸುತ್ತಿದ್ದೆವು. ತೊಟ್ಟಿಗಳಿಗೆ ಎಷ್ಟು ಸೇರುತ್ತಿದೆ ಅಂತ ನೋಡಲು ದುಬಾರಿ ಮೀಟರ್ ಏನೂ ಬೇಕಾಗಲಿಲ್ಲ. ಮಾಲು ಓಡುತ್ತಿರುವಾಗಲೇ ಒಂದು ತೊಟ್ಟಿಯ ಉಗಿ ವಾಲ್ವ್ ಮುಚ್ಚಿ, ಥರ್ಮಾಮೀಟರ್ ಇಳಿಬಿಟ್ಟು ಗಡಿಯಾರ ನೋಡುತ್ತಾ ಕೂತೆ. 3,000 ಲೀಟರ್ ನೀರು ಒಂದು ಗಂಟೆಯಲ್ಲಿ ಆರು ಡಿಗ್ರಿ ಇಳಿಯಿತು. ಲೀಟರಿಗೆ ಡಿಗ್ರಿಗೆ 4.19 ಕಿಲೋಜೂಲ್. ಗುಣಿಸಿ 3,600ರಿಂದ ಭಾಗಿಸಿದರೆ 21 ಕಿಲೋವಾಟ್. ಅಷ್ಟೇ. ಏಳು ತೊಟ್ಟಿಗೂ ಹೀಗೇ ಮಾಡಿದೆವು. ಒಟ್ಟು 150ರ ಹತ್ತಿರ ಬಂತು. ಒಣಗಿಸುವ ಕೋಣೆಯದ್ದು 60. ಎಲ್ಲ ಸೇರಿ 210 ಕಿಲೋವಾಟ್.

590 ಉರಿಸಿದ್ದೇವೆ, 210 ಸೇರಿದೆ. ಮಿಕ್ಕ 380 ಎಲ್ಲಿ ಹೋಯಿತು?

ಇದನ್ನು ಹುಡುಕಿದ ಆ ಎರಡು ವಾರ ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಮಜವಾದ ದಿನಗಳು. ಚಿಮಣಿಯ ಹೊಗೆ 240 ಡಿಗ್ರಿಯಲ್ಲಿ ಹೊರಗೆ ಹೋಗುತ್ತಿತ್ತು. ಬಾಯ್ಲರ್ ದೊಡ್ಡದು, ಕೆಲಸ ಚಿಕ್ಕದು. ಹಾಗಾಗಿ ಬರ್ನರ್ ಪದೇ ಪದೇ ಆರಿ ಹತ್ತುತ್ತಿತ್ತು. ಹತ್ತುವ ಮುಂಚೆ ಪ್ರತಿ ಸಲ ಫ್ಯಾನು ಒಳಗಿನ ಉಳಿದ ಅನಿಲವನ್ನು ಊದಿ ತೆಗೆಯಬೇಕು. ಅದು ಸುರಕ್ಷತೆಗೆ ಬೇಕೇ ಬೇಕು. ಆದರೆ ಊದುವ ತಣ್ಣನೆ ಗಾಳಿ ಬಿಸಿ ಟ್ಯೂಬಿನೊಳಗೆ ಹಾದು ಬಾಯ್ಲರನ್ನೇ ತಂಪು ಮಾಡಿ ಹೋಗುತ್ತದೆ. ಸ್ಟೀಮ್ ಟ್ರ್ಯಾಪುಗಳು ಒಟ್ಟು 23 ಇದ್ದವು. ಉಗಿ ತಡೆದು ನೀರನ್ನು ಮಾತ್ರ ಬಿಡುವುದು ಅವುಗಳ ಕೆಲಸ. ಆರು ಟ್ರ್ಯಾಪ್ ಬಾಯಿ ತೆರೆದುಕೊಂಡೇ ಕೂತಿದ್ದವು. ಫಾಸ್ಫೇಟ್ ಬೆರೆತರೆ ಬಾಯ್ಲರ್ ಹಾಳಾಗುತ್ತದೆ ಅನ್ನುವ ಭಯಕ್ಕೆ ಯಾರೋ ಯಾವಾಗಲೋ ಉಗಿ ತಣಿದು ಆದ ಬಿಸಿ ಕಂಡೆನ್ಸೇಟ್ ನೀರನ್ನೆಲ್ಲ ಚರಂಡಿಗೆ ತಿರುಗಿಸಿದ್ದರು. ಯಾರು ಅಂತ ಕೇಳಿದರೆ ಎಲ್ಲರೂ ಕೆಲಸ ಬಿಟ್ಟು ಹೋದವರ ಕಡೆ ಕೈ ತೋರಿಸಿದರು. ವಾಲ್ವುಗಳ ಮೇಲೆ ಹೊದಿಕೆ ಇರಲಿಲ್ಲ. ರಿಪೇರಿಗೆ ಬಿಚ್ಚಿದ್ದನ್ನು ಮತ್ತೆ ಹಾಕದೆ ಬಿಟ್ಟವರಲ್ಲಿ ನಾನೂ ಒಬ್ಬ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ನಮ್ಮ ಯಾವ ತೊಟ್ಟಿಗೂ 65 ಡಿಗ್ರಿಗಿಂತ ಜಾಸ್ತಿ ಬೇಡ. ಅಷ್ಟಕ್ಕೆ ನಾವು 170 ಡಿಗ್ರಿಯ ಉಗಿ ಮಾಡುತ್ತಿದ್ದೆವು. ಉಗಿಯನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅದು ಪಂಪ್ ಇಲ್ಲದೆ ತಾನೇ ಓಡುತ್ತದೆ, ಸಣ್ಣ ಪೈಪಿನಲ್ಲಿ ಬೇಕಾದಷ್ಟು ಶಾಖ ಹೊರುತ್ತದೆ, ಎಲ್ಲ ಕಡೆ ಒಂದೇ ಬಿಸಿ ಕೊಡುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಇಷ್ಟು ಕಾಲ ಉಳಿದಿದೆ. ಆದರೆ ನಮ್ಮ ಕೆಲಸಕ್ಕೆ ಅದರ ಅಗತ್ಯ ಇರಲಿಲ್ಲ. ಬಿಸಿನೀರು ಸಾಕಿತ್ತು.

ಹಾಗಾಗಿ ಮೊದಲ ಖರ್ಚು ಕರೆಂಟಿಗಲ್ಲ, ಮುಚ್ಚಳಕ್ಕೆ ಆಯಿತು. 65 ಡಿಗ್ರಿಯ ತೆರೆದ ನೀರು ಪ್ರತಿ ಚದರ ಮೀಟರಿನಿಂದ ಎರಡು ಕಿಲೋವಾಟ್‌ಗೂ ಜಾಸ್ತಿ ಶಾಖವನ್ನು ಆವಿಯಾಗಿ ಕಳೆದುಕೊಳ್ಳುತ್ತದೆ. ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಚೆಂಡುಗಳನ್ನು ಹರಡಿದರೆ ಇದು ತುಂಬಾ ಕಡಿಮೆಯಾಗುತ್ತದೆ ಅಂತ ಓದಿದ್ದೆ. ತಂದು ಸುರಿದೆವು. ಚೆನ್ನಾಗಿಯೇ ಇತ್ತು. ಎರಡು ದಿನ ಆದ ಮೇಲೆ ಪೇಂಟ್ ಶಾಪಿನಿಂದ ಫೋನು. ಪೊಳ್ಳು ಬ್ರಾಕೆಟ್ಟುಗಳ ಹೊಟ್ಟೆಯಲ್ಲಿ ಚೆಂಡು ಸಿಕ್ಕಿಕೊಂಡು ಒಲೆಯವರೆಗೆ ಹೋಗಿ ಕರಗಿವೆಯಂತೆ. ಚೆಂಡು ತೆಗೆದು, ತೂಕ ಕಟ್ಟಿದ ಮಡಿಚುವ ಮುಚ್ಚಳ ಮಾಡಿಸಿದೆವು. ಹಾಯಿಸ್ಟ್ ಓಡಿಸುವ ಹುಡುಗರು ಒಂದು ತಿಂಗಳು ಗೊಣಗಿದರು, ಆಮೇಲೆ ಅಭ್ಯಾಸವಾಯಿತು. ತೊಟ್ಟಿಗಳ ಬೇಡಿಕೆ 150ರಿಂದ 105ಕ್ಕೆ ಇಳಿಯಿತು.

ಮುಂದಿನದು ಏರ್ ಕಂಪ್ರೆಸರ್, ಗಾಳಿಯನ್ನು ಒತ್ತಿ ಕೊಡುವ ಯಂತ್ರ. ಅದರ ಮೋಟಾರ್ 75 ಕಿಲೋವಾಟಿನದು. ಕಂಪ್ರೆಸರ್ ತಿನ್ನುವ ಕರೆಂಟಿನಲ್ಲಿ ಸುಮಾರು 90 ಶೇಕಡಾ ಶಾಖವಾಗಿಯೇ ಹೊರಗೆ ಬರುತ್ತದೆ. ಅದನ್ನು ನಾವು ಫ್ಯಾನ್ ಹಾಕಿ ಆಚೆಗೆ ತಳ್ಳುತ್ತಿದ್ದೆವು. ಪಕ್ಕದ ಗೋಡೆಯ ಆಚೆ ನೀರು ಕಾಯಿಸಲು ಎಣ್ಣೆ ಉರಿಸುತ್ತಿದ್ದೆವು! ಆಯಿಲ್ ಕೂಲರಿನ ಜಾಗದಲ್ಲಿ ನೀರಿಗೆ ಶಾಖ ಕೊಡುವ ಎಕ್ಸ್‌ಚೇಂಜರ್ ಕೂರಿಸಿದ ಮೇಲೆ ಸರಾಸರಿ 45 ಕಿಲೋವಾಟ್ ಸುಮ್ನೆ ಸಿಕ್ಕಿತು. ಉಳಿದದ್ದು 60. ಈಗ ಹೀಟ್ ಪಂಪಿನ ಮಾತು ಆಡಬಹುದಿತ್ತು.

ಹೀಟ್ ಪಂಪ್ ಅಂದರೆ ಫ್ರಿಜ್ಜಿನ ಹಿಂಭಾಗವನ್ನೇ ಮುಂದೆ ಇಟ್ಟುಕೊಂಡ ಹಾಗೆ. ಅದು ಕರೆಂಟಿನಿಂದ ಶಾಖ ಹುಟ್ಟಿಸುವುದಿಲ್ಲ. ಎಲ್ಲೋ ಇರುವ ಬೆಚ್ಚಗಿನ ಶಾಖವನ್ನು ಎತ್ತಿ ಜಾಸ್ತಿ ಬಿಸಿಯ ಜಾಗಕ್ಕೆ ಸಾಗಿಸುತ್ತದೆ. ಎತ್ತುವ ಕೆಲಸಕ್ಕಷ್ಟೇ ಕರೆಂಟು. ಐಡಿಯಾ ಹೊಸದೇನಲ್ಲ. ಲಾರ್ಡ್ ಕೆಲ್ವಿನ್ 1852ರಲ್ಲೇ ಇದನ್ನು ಸೂಚಿಸಿದ್ದರು. ಅದಾದ ಕೆಲವೇ ವರ್ಷಕ್ಕೆ ಆಸ್ಟ್ರಿಯಾದ ಎಬೆನ್ಸೀಯ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟ್ಟಿಂಗರ್ ಅನ್ನುವ ಎಂಜಿನಿಯರ್, ಉಪ್ಪುನೀರಿನಿಂದ ಎದ್ದ ಆವಿಯನ್ನೇ ಒತ್ತಿ ಬಿಸಿ ಮಾಡಿ ಮತ್ತೆ ಅದೇ ಉಪ್ಪುನೀರು ಕಾಯಿಸಲು ಪ್ರಯತ್ನಿಸಿದರು. ಹೀಟ್ ಪಂಪ್ ಹುಟ್ಟಿದ್ದೇ ಕಾರ್ಖಾನೆಯಲ್ಲಿ. ನಮಗೆ ಮಾತ್ರ ಅದು ಮನೆಗಳಲ್ಲಿ ಇಡುವ ವಸ್ತು ಅಂತ ಭ್ರಮೆ.

ಇದರಲ್ಲಿ ಎಲ್ಲವೂ ನಿಂತಿರುವುದು ಎಷ್ಟು ಡಿಗ್ರಿ ಎತ್ತಬೇಕು ಅನ್ನುವುದರ ಮೇಲೆ. ಯಂತ್ರಗಳ ಬಿಸಿ ಹೊತ್ತು ತಂದ ನೀರನ್ನು ತಣಿಸುವ ನಮ್ಮ ಕೂಲಿಂಗ್ ಟವರಿನ ನೀರು 32 ಡಿಗ್ರಿ. ನಮಗೆ ಬೇಕಾದದ್ದು 75. ಎತ್ತರ 43 ಡಿಗ್ರಿ. 75ಕ್ಕೆ 273 ಸೇರಿಸಿ (ಅತಿ ಕನಿಷ್ಠ ಉಷ್ಣತೆಯಿಂದ ಎಣಿಸಲು) 43ರಿಂದ ಭಾಗಿಸಿದರೆ ಎಂಟರ ಹತ್ತಿರ ಬರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಂಟು ಯೂನಿಟ್ ಶಾಖ, ಇದು ಪ್ರಕೃತಿ ಹಾಕಿದ ಮೇಲ್ಮಿತಿ. ನಿಜವಾದ ಯಂತ್ರ ಅದರಲ್ಲಿ ಅರ್ಧ ಮುಟ್ಟಿದರೆ ಜಾಣ. ನಮಗೆ ಈಗ ತಿಂಗಳ ಸರಾಸರಿ 3.2 ಬರುತ್ತಿದೆ. ಅದೇ ಯಂತ್ರವನ್ನು 120 ಡಿಗ್ರಿ ಕೊಡು ಅಂದಿದ್ದರೆ ಲೆಕ್ಕ ಕೆಟ್ಟುಹೋಗುತ್ತಿತ್ತು. ಅದಕ್ಕೇ ತೊಟ್ಟಿಯ ರಸಾಯನ ಕೊಡುವವರ ಹತ್ತಿರ ಕೂತು, 65 ಬೇಕೆಂದಿದ್ದ ಎರಡು ತೊಟ್ಟಿಗೆ 55 ಸಾಕಾಗುವ ದ್ರಾವಣ ಹುಡುಕಿಸಿದೆ. ಹತ್ತು ಡಿಗ್ರಿ ಇಳಿಸಲು ಆರು ವಾರ ಟ್ರಯಲ್ ಆಯಿತು.

ಈಗ ನಾನು ಮುಗ್ಗರಿಸಿದ ಜಾಗಕ್ಕೆ ಬರುತ್ತೇನೆ. ತೊಟ್ಟಿಯೊಳಗೆ ಉಗಿ ಹಾಯುವ ಸುರುಳಿ ಪೈಪು, ಕಾಯಿಲ್, ಇತ್ತಲ್ಲ, ಅದರಲ್ಲೇ ಬಿಸಿನೀರು ಓಡಿಸಿದರಾಯಿತು ಅಂದುಕೊಂಡಿದ್ದೆ. ಉಗಿ 170, ತೊಟ್ಟಿ 60. ನಡುವೆ 110 ಡಿಗ್ರಿ ವ್ಯತ್ಯಾಸ ಇದ್ದದ್ದರಿಂದ ಒಂದು ಪುಟ್ಟ ಕಾಯಿಲ್ ಸಾಕಾಗಿತ್ತು. ಬಿಸಿನೀರು 75 ಅಂದರೆ ವ್ಯತ್ಯಾಸ ಬರೀ 15. ಅಷ್ಟೇ ಶಾಖ ದಾಟಿಸಲು ಏಳು ಪಟ್ಟಿಗೂ ಜಾಸ್ತಿ ಮೈ ಬೇಕು. ಉಗಿ ನೀರಾಗುವಾಗ ಶಾಖ ಬೇಗ ಬಿಟ್ಟುಕೊಡುತ್ತದೆ, ಬಿಸಿನೀರು ಹಾಗೆ ಬಿಡುವುದಿಲ್ಲ. ಹಾಗಾಗಿ ಇನ್ನೂ ಜಾಸ್ತಿ. ಹೊರಗೆ ಪ್ಲೇಟ್ ಎಕ್ಸ್‌ಚೇಂಜರ್ ಇಟ್ಟು ತೊಟ್ಟಿಯ ನೀರನ್ನು ಪಂಪಿನಿಂದ ಸುತ್ತಿಸಿದೆವು. ಜಿಡ್ಡು ತೊಳೆಯುವ ತೊಟ್ಟಿಗೆ ಮುಂದೆ ಒಂದು ಫಿಲ್ಟರ್ ಹಾಕಿದ ಮೇಲೆ ಸರಿಹೋಯಿತು. ಫಾಸ್ಫೇಟ್ ತೊಟ್ಟಿಯದ್ದು ಮಾತ್ರ ಒಂಬತ್ತೇ ದಿನಕ್ಕೆ ಕೆಸರು ಕಟ್ಟಿ ಮುಚ್ಚಿಹೋಯಿತು. ಬಿಚ್ಚಿದರೆ ಪ್ಲೇಟುಗಳ ನಡುವೆ ಬೂದು ಬಣ್ಣದ ಗಟ್ಟಿ ಹಪ್ಪಳ. ಕೊನೆಗೆ ಆ ತೊಟ್ಟಿಗೆ ಅಗಲವಾದ ಟೊಳ್ಳು ತಗಡಿನ ಪ್ಯಾನೆಲ್‌ಗಳನ್ನು ಮಾಡಿಸಿ ಒಳಗೇ ನೇತುಹಾಕಿದೆವು.

ಅದರಿಂದ ಒಂದು ಲಾಭವೂ ಆಯಿತು. ಹಿಂದೆ ಉಗಿ ಕಾಯಿಲಿನ ಮೈ ವಿಪರೀತ ಬಿಸಿಯಾಗಿ ಅದರ ಮೇಲೆ ಫಾಸ್ಫೇಟ್ ಕಲ್ಲಿನ ಹಾಗೆ ಕಟ್ಟುತ್ತಿತ್ತು. ತಿಂಗಳಿಗೊಮ್ಮೆ ಉಳಿ ಹಿಡಿದು ಕೆತ್ತುವುದೇ ಒಂದು ಕೆಲಸ. 75 ಡಿಗ್ರಿಯ ಪ್ಯಾನೆಲ್ ಮೇಲೆ ಅದು ತೆಳ್ಳಗೆ ಕೂರುತ್ತದೆ, ಕುಂಚದಿಂದ ಉಜ್ಜಿದರೆ ಬರುತ್ತದೆ.

ಒಣಗಿಸುವ ಕೋಣೆಯ ಕಥೆ ಚಿಕ್ಕದು. ತುಂಡುಗಳ ಮೇಲಿನ ನೀರನ್ನು ಆವಿ ಮಾಡುವ ಬದಲು ರಭಸದ ಗಾಳಿಯಿಂದ ಹೊಡೆದು ಉದುರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. 11 ಕಿಲೋವಾಟ್ ಬ್ಲೋವರ್, ಮಿಕ್ಕ ತೇವಕ್ಕೆ 25 ಕಿಲೋವಾಟ್ ಹೀಟರ್. 60 ಕಿಲೋವಾಟ್ ಉಗಿ ಹೋಯಿತು.

ಮೊದಲ ಸೋಮವಾರ ಮಾತ್ರ ನನ್ನ ಮಾನ ಹೋಯಿತು. ಬಾಯ್ಲರ್ ಇದ್ದಾಗ ಭಾನುವಾರದ ರಜೆ ಮುಗಿಸಿ ಬೆಳಿಗ್ಗೆ ನಾಲ್ಕೂವರೆಗೆ ಹತ್ತಿಸಿದರೆ ಆರಕ್ಕೆ ತೊಟ್ಟಿ ಸಿದ್ಧ. ಅದೇ ಅಂದಾಜಿನಲ್ಲಿ ಹೀಟ್ ಪಂಪ್ ಶುರು ಮಾಡಿಸಿದ್ದೆ. ಆರಕ್ಕೆ ಶಿಫ್ಟಿನವರು ಬಂದು ನೋಡಿದರೆ ತೊಟ್ಟಿ 35 ಡಿಗ್ರಿ. ಏಳು ತೊಟ್ಟಿಯ 21,000 ಲೀಟರನ್ನು 30ರಿಂದ 60ಕ್ಕೆ ತರಲು 730 ಯೂನಿಟ್ ಶಾಖ ಬೇಕು. ನಮ್ಮ ಹೀಟ್ ಪಂಪ್ ಗಂಟೆಗೆ ಕೊಡುವುದು 90. ಬೆಳಿಗ್ಗೆ ಕಂಪ್ರೆಸರೂ ಓಡುತ್ತಿರುವುದಿಲ್ಲ. ಎಂಟು ಗಂಟೆಯ ಕೆಲಸವನ್ನು ಒಂದೂವರೆ ಗಂಟೆಯಲ್ಲಿ ಮಾಡು ಅಂದರೆ ಅದು ಎಲ್ಲಿಂದ ಮಾಡೀತು? ಮಧ್ಯಾಹ್ನದವರೆಗೆ ಲೈನ್ ನಿಂತಿತ್ತು. ಪ್ರೊಡಕ್ಷನ್ನಿನವರು ನನ್ನ ಹಾದಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಕೆಲಸ ಇಲ್ಲವಲ್ಲ.

ಬೆಂಕಿಗೆ ಅವಸರ ಗೊತ್ತು, ಹೀಟ್ ಪಂಪಿಗೆ ಗೊತ್ತಿಲ್ಲ. ಆಮೇಲೆ 15,000 ಲೀಟರಿನ ಹೊದಿಕೆ ಹಾಕಿದ ಬಿಸಿನೀರಿನ ಟ್ಯಾಂಕ್ ಕಟ್ಟಿದೆವು. ರಾತ್ರಿ, ಬೇರೆ ಯಂತ್ರಗಳು ಮಲಗಿರುವಾಗ, ಅದನ್ನು 75ಕ್ಕೆ ತುಂಬಿಸಿಡುತ್ತೇವೆ. 60ಕ್ಕೆ ಇಳಿಯುವಷ್ಟರಲ್ಲಿ 260 ಯೂನಿಟ್ ಶಾಖ ಕೊಡುತ್ತದೆ. ಭಾನುವಾರ ಸಂಜೆ ಟೈಮರ್ ತಾನೇ ಯಂತ್ರ ಹಚ್ಚುತ್ತದೆ. ಒಂದು ಸಲ ಎರಡು ಗಂಟೆ ಕರೆಂಟ್ ಹೋದಾಗ ಸಣ್ಣ ಜನರೇಟರಿನಲ್ಲಿ ಪಂಪು ಮಾತ್ರ ಓಡಿಸಿ ಆ ಟ್ಯಾಂಕಿನ ಬಿಸಿಯಲ್ಲೇ ತೊಟ್ಟಿಗಳ ಬಿಸಿ ಕಾಪಾಡಿದೆವು. ಕರೆಂಟ್ ಹೋದರೆ ಏನ್ ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಕರೆಂಟ್ ಹೋದರೆ ಬಾಯ್ಲರಿನ ಬರ್ನರ್, ಫೀಡ್ ಪಂಪ್ ಕೂಡ ನಿಲ್ಲುತ್ತಿದ್ದವು ಅನ್ನುವುದು ಯಾರಿಗೂ ನೆನಪಿರಲ್ಲ.

ಪೌಡರ್ ಒಲೆ ಬೇರೆಯೇ ಪ್ರಾಣಿ. ಅಲ್ಲಿ ತುಂಡಿನ ಲೋಹವೇ 180ರಿಂದ 200 ಡಿಗ್ರಿ ಮುಟ್ಟಿ ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಆ ಬಿಸಿಗೆ ನಮಗೆ ಹೊಂದುವ ಹೀಟ್ ಪಂಪ್ ಸಿಗಲಿಲ್ಲ, ನೇರ ಹೀಟರೇ ಗತಿ. ಶಾಖದ ಕಿರಣ ಬೀರುವ ಇನ್‌ಫ್ರಾರೆಡ್ ಹೀಟರ್ ಹಾಕಿದರೆ ಗಾಳಿ ಕಾಯಿಸುವ ಗೋಜಿಲ್ಲದೆ ತುಂಡೇ ಬಿಸಿಯಾಗುತ್ತದೆ, ಉದ್ದವೂ ಅರ್ಧ ಸಾಕು ಅಂದರು. ಚಪ್ಪಟೆ ತಗಡಿಗೆ ಮಾತು ನಿಜವಾಯಿತು. ಆದರೆ ನಮ್ಮ ಬ್ರಾಕೆಟ್ಟುಗಳಿಗೆ ಮೂಲೆ ಮಡಿಕೆ ಜಾಸ್ತಿ. ಕಿರಣ ನೇರ ಬಿದ್ದ ಕಡೆ ಪೌಡರ್ ಕರಗಿ ಹೊಳೆಯಿತು, ನೆರಳಿನಲ್ಲಿ ಹಸಿಯಾಗಿಯೇ ಉಳಿಯಿತು. ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತಿತ್ತು. ಒಂದು ಲಾಟ್ ಪೂರ್ತಿ ವಾಪಸ್ ಬಂತು. ಕೊನೆಗೆ ಮುಂಭಾಗದಲ್ಲಿ ಪೌಡರ್ ಕರಗಿ ಅಂಟಿಕೊಳ್ಳುವಷ್ಟು ಇನ್‌ಫ್ರಾರೆಡ್, ಅದರ ಹಿಂದೆ ಎಲೆಕ್ಟ್ರಿಕ್ ಹೀಟರಿನ ಬಿಸಿಗಾಳಿ ಅಂತ ಎರಡನ್ನೂ ಸೇರಿಸಿದೆವು. ಒಟ್ಟು 180 ಕಿಲೋವಾಟ್.

ಬರ್ನರ್ ಇಲ್ಲದ ಮೇಲೆ ಹೊಗೆ ಹೋಗಲು ದಾರಿ ಯಾಕೆ ಅಂತ ಆ ದಾರಿಯ ಬಾಗಿಲನ್ನು, ಎಕ್ಸಾಸ್ಟ್ ಡ್ಯಾಂಪರನ್ನು, ಪೂರ್ತಿ ಮುಚ್ಚಿಬಿಟ್ಟೆ. ಶಾಖ ಉಳಿಯಿತು, ಸರಿ. ಆದರೆ ಪೌಡರ್ ಬೇಯುವಾಗ ಬಿಡುವ ಆವಿ ಶೆಡ್ಡಿನೊಳಕ್ಕೇ ಬಂದು ಎಲ್ಲರ ಕಣ್ಣು ಉರಿಯತೊಡಗಿತು. ಅದೇ ದಿನ ಡ್ಯಾಂಪರ್ ಮತ್ತೆ ತೆರೆದೆ. ಹಿಂದೆ ಇದ್ದುದರ ಕಾಲು ಭಾಗ ಸಾಕಾಯಿತು. ಇನ್ನೊಂದು ಬದಲಾವಣೆಯನ್ನು ನಾವು ನಿರೀಕ್ಷಿಸಿಯೇ ಇರಲಿಲ್ಲ. ಬಿಳಿ ಬಣ್ಣ ಬಿಳಿಯಾಗಿಯೇ ಬರತೊಡಗಿತು. ಗ್ಯಾಸ್ ಜ್ವಾಲೆಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಬಿಳಿ ಪೌಡರನ್ನು ಹಳದಿ ಮಾಡುತ್ತವಂತೆ. ವರ್ಷಗಟ್ಟಲೆ ನಾವು ಪೌಡರ್ ಕೊಡುವವರ ಜೊತೆ ಜಗಳ ಆಡಿದ್ದೆವು!

ಎಲೆಕ್ಟ್ರಿಕಲ್ ಕಡೆಯ ತಾಪತ್ರಯ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಹೀಟರುಗಳನ್ನು ಥೈರಿಸ್ಟರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಹಿಡಿತದಲ್ಲಿ ಇಡುತ್ತಾರೆ. ನಮ್ಮದು ಪ್ರತಿ ಕರೆಂಟಿನ ಅಲೆಯನ್ನು ನಡುವೆ ಕತ್ತರಿಸಿ ಕೊಡುವ ಬಗೆಯದಾಗಿತ್ತು. ಕತ್ತರಿಸಿದ ಅಲೆ ಹಾರ್ಮೋನಿಕ್ಸ್, ಅಂದರೆ ಬೇಡದ ವೇಗದ ಅಲೆಗಳನ್ನು, ಹುಟ್ಟಿಸುತ್ತದೆ. ಪವರ್ ಫ್ಯಾಕ್ಟರ್ ಸರಿಮಾಡಲು, ಅಂದರೆ ಮೋಟಾರುಗಳು ವ್ಯರ್ಥವಾಗಿ ಎಳೆಯುವ ಕರೆಂಟ್ ತಗ್ಗಿಸಲು, ಇಟ್ಟ ಕೆಪಾಸಿಟರುಗಳು ಅದನ್ನು ಕುಡಿದು ಕುಡಿದು ಊದಿಕೊಂಡವು. ಮೂರನೇ ವಾರಕ್ಕೆ ಪ್ಯಾನೆಲ್ ತೆಗೆದರೆ ಎರಡು ಡಬ್ಬಿ ಹೊಟ್ಟೆ ಉಬ್ಬಿಸಿ ನಿಂತಿದ್ದವು. ಕೆಪಾಸಿಟರುಗಳಿಗೆ ಹಾರ್ಮೋನಿಕ್ಸ್ ತಡೆಯುವ ತಂತಿ ಸುರುಳಿ, 7 ಶೇಕಡಾ ರಿಯಾಕ್ಟರ್, ಸೇರಿಸಿದೆವು. ಥೈರಿಸ್ಟರನ್ನು ಇಡೀ ಇಡೀ ಅಲೆಗಳನ್ನು ಬಿಟ್ಟು ನಿಲ್ಲಿಸುವ ರೀತಿಗೆ ಬದಲಿಸಿದೆವು. ಹಾರ್ಮೋನಿಕ್ಸ್ ತಗ್ಗಿತು, ಬದಲಿಗೆ ಶೆಡ್ಡಿನ ದೀಪಗಳೆಲ್ಲ ಮಿಣಮಿಣ ಅನ್ನತೊಡಗಿದವು. ಒಲೆಯ ಆರು ವಲಯಗಳೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು. ಒಂದರ ನಂತರ ಒಂದು ಸರದಿ ಹಾಕಿದ ಮೇಲೆ ದೀಪ ನಿಂತವು.

ಮೊದಲ ತಿಂಗಳ ಬಿಲ್ಲಿನಲ್ಲಿ ಡಿಮಾಂಡ್ ದಂಡ, ಅಂದರೆ ಒಮ್ಮೆಗೇ ಮಿತಿ ಮೀರಿ ಕರೆಂಟ್ ಎಳೆದದ್ದಕ್ಕೆ ದಂಡ, ಬಿದ್ದಿತ್ತು. ಮೀಟರ್ ಕೆಲವು ನಿಮಿಷಗಳ ಸರಾಸರಿ ಹಿಡಿದು ತಿಂಗಳಲ್ಲೇ ದೊಡ್ಡದನ್ನು ಬರೆದಿಡುತ್ತದೆ. ಒಂದು ದಿನ ಒಲೆ, ಹೀಟ್ ಪಂಪ್, ಕಂಪ್ರೆಸರ್ ಎಲ್ಲ ಒಟ್ಟಿಗೆ ಏಳಿಸಿದ್ದಕ್ಕೆ ಇಡೀ ತಿಂಗಳು ತೆತ್ತೆವು. ಈಗ ಒಂದು ಸಣ್ಣ ಕಂಟ್ರೋಲರ್ ಕಾವಲು ಕೂತಿದೆ. ಒಟ್ಟು 690 ಕೆವಿಎ ಮುಟ್ಟುವ ಹಾಗಿದ್ದರೆ ಮೊದಲು ಹೀಟ್ ಪಂಪನ್ನು ನಿಲ್ಲಿಸುತ್ತದೆ. ಟ್ಯಾಂಕಿನಲ್ಲಿ ಬಿಸಿನೀರು ಇರುವುದರಿಂದ ತೊಟ್ಟಿಗಳಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯ 750ರ ಟ್ರಾನ್ಸ್‌ಫಾರ್ಮರ್ ಹಾಗೇ ಉಳಿಯಿತು.

ಶಾಫ್ಟುಗಳಿಗೆ ಇಂಡಕ್ಷನ್ ಬಂತು. ತಾಮ್ರದ ಸುರುಳಿಯೊಳಗೆ ಶಾಫ್ಟ್ ಇಟ್ಟು 10 ಕಿಲೋಹರ್ಟ್ಸ್ ಕರೆಂಟ್ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಮೇಲಿನ ಕೆಲವು ಮಿಲಿಮೀಟರ್ ಕೆಂಪಗಾಗುತ್ತದೆ, ತಿರುಳು ತಣ್ಣಗೇ ಇರುತ್ತದೆ. 770 ಡಿಗ್ರಿ ದಾಟಿದ ಮೇಲೆ ಕಬ್ಬಿಣ ಅಯಸ್ಕಾಂತದ ಗುಣ ಕಳೆದುಕೊಳ್ಳುತ್ತದೆ. ಆಗ ಅದು ಶಾಖ ಹಿಡಿಯುವ ರೀತಿಯೇ ಬದಲಾಗುತ್ತದೆ, ಸೆಟ್ಟಿಂಗ್ ಹಿಡಿಯಲು ನಮಗೆ ಒಂದು ಬುಟ್ಟಿ ಶಾಫ್ಟ್ ಬಲಿಯಾಯಿತು. ಸುರುಳಿ ತಂಪಿಡುವ ನೀರು 40 ಡಿಗ್ರಿಯಲ್ಲಿ ವಾಪಸ್ ಬರುತ್ತದೆ. ಅದನ್ನು ಹೀಟ್ ಪಂಪಿಗೆ ಉಣಿಸಿದ ದಿನ ನಾನೂ ಅಣ್ಣನೂ ಮೀಟರ್ ಮುಂದೆ ನಿಂತು 3.2 ಇದ್ದದ್ದು 3.7 ಆಗುವುದನ್ನು ನೋಡಿದೆವು. ಇಂಡಕ್ಷನ್ ಓಡುವ ಹೊತ್ತಿನಲ್ಲಿ ಮಾತ್ರ, ಅದೂ ದಿನಕ್ಕೆ ಮೂರು ಗಂಟೆ. ಆದರೂ ಖುಷಿ ಆಯಿತು.

ಈಗಿನ ಲೆಕ್ಕ ಹೀಗಿದೆ. ಬಾಯ್ಲರ್ ಮಾಡುತ್ತಿದ್ದ ಕೆಲಸಕ್ಕೆ ಹೀಟ್ ಪಂಪ್ ಸರಾಸರಿ 19 ಕಿಲೋವಾಟ್, ಒಣಗಿಸಲು 36, ಸುತ್ತಿಸುವ ಪಂಪುಗಳಿಗೆ 6. ಒಟ್ಟು 61. ಹಿಂದೆ 590 ಕಿಲೋವಾಟ್ ಎಣ್ಣೆ. ಯೂನಿಟ್ಟಿಗೆ ಕರೆಂಟ್ ದುಬಾರಿ ಆದರೂ ಬಿಲ್ ಇಳಿದದ್ದು ಇದಕ್ಕೇ. ಇದರಲ್ಲಿ ಮುಚ್ಚಳದ್ದೂ ಕಂಪ್ರೆಸರಿನದ್ದೂ ದೊಡ್ಡ ಪಾಲು. ಅವನ್ನು ಎಣ್ಣೆ ಬಾಯ್ಲರ್ ಇಟ್ಟುಕೊಂಡೇ ಮಾಡಬಹುದಿತ್ತು. ಮಾಡಿರಲಿಲ್ಲ, ಅಷ್ಟೇ.

ಒಲೆಯ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಅಲ್ಲಿ ಒಂದು ಯೂನಿಟ್ ಶಾಖಕ್ಕೆ ಒಂದು ಯೂನಿಟ್ ಕರೆಂಟ್ ಬೇಕೇ ಬೇಕು. ಬರೀ ಕಲ್ಲಿದ್ದಲಿನಿಂದ ಬಂದ ಕರೆಂಟ್ ಆದರೆ ಒಂದು ಯೂನಿಟ್ಟಿಗೆ ಒಂದು ಕಿಲೋ ಹತ್ತಿರ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಅಷ್ಟೇ ಶಾಖದ ಗ್ಯಾಸ್ ಉರಿಸಿದರೆ ಬರುವುದು 0.2 ಕಿಲೋ. ಹೀಟ್ ಪಂಪಾದರೆ ಮೂರರಿಂದ ಭಾಗಿಸಿಕೊಳ್ಳಬಹುದು, ಒಲೆಗೆ ಆ ಭಾಗ್ಯ ಇಲ್ಲ. ನಮ್ಮ ಚಿಮಣಿ ಹೋಯಿತು ಅಂತ ಬೀಗುವ ಮುಂಚೆ ಕರೆಂಟ್ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ಚಾವಣಿಯ ಮೇಲೆ ಸೋಲಾರ್ ಹಾಕಿದ್ದೇವೆ. ಹಗಲಿನ ಒಲೆಗೆ ಅದು ಸ್ವಲ್ಪ ಮಟ್ಟಿಗೆ ಆಗುತ್ತದೆ, ಪೂರ್ತಿ ಅಲ್ಲ.

ಬಾಯ್ಲರನ್ನು ಒಂದು ವರ್ಷ ಸ್ಟ್ಯಾಂಡ್‌ಬೈ ಅಂತ ಇಟ್ಟುಕೊಂಡಿದ್ದೆವು. ತಿಂಗಳಿಗೊಮ್ಮೆ ಅಣ್ಣ ಅದನ್ನು ಹತ್ತಿಸಿ, ಸೇಫ್ಟಿ ವಾಲ್ವ್ ಎತ್ತಿ ನೋಡಿ ಆರಿಸುತ್ತಿದ್ದರು. ಮುಂದಿನ ತಪಾಸಣೆ ಬಂದಾಗ ನಾನೇ ಕೇಳಿದೆ, ಟ್ಯೂಬ್ ಹಾಕಿಸೋಣವಾ ಅಂತ. "ಬೇಡ ಬಿಡಿ ಸಾರ್. ಇದನ್ನ ಹತ್ತಿಸೋ ದಿನ ನಿಮಗಿಂತ ನನಗೇ ಭಯ ಜಾಸ್ತಿ" ಅಂದರು. ಈಗ ಅವರದೇ ಹೀಟ್ ಪಂಪ್. ಮೊದಲು ಅದನ್ನು ದೊಡ್ಡ ಫ್ರಿಜ್ಜು ಅಂತ ಆಡಿಕೊಳ್ಳುತ್ತಿದ್ದರು. ಹೋದ ತಿಂಗಳು ಯಾವ ಅಲಾರಂ ಬರುವ ಮುಂಚೆಯೇ ಸದ್ದು ಬೇರೆ ಥರ ಇದೆ ಅಂತ ನನ್ನನ್ನು ಕರೆದರು. ಕೂಲಿಂಗ್ ಟವರ್ ಕಡೆಯ ಸ್ಟ್ರೈನರ್ ಕಟ್ಟಿಕೊಂಡಿತ್ತು.

ಇನ್ನೂ ಒಂದು ಬರ್ನರ್ ಉಳಿದಿದೆ. ಪೂರ್ತಿ ತಿರುಳಿನವರೆಗೆ ಗಟ್ಟಿಯಾಗಬೇಕಾದ ಉದ್ದ ಶಾಫ್ಟುಗಳ ಎಣ್ಣೆ ಕುಲುಮೆ. ಅದಕ್ಕೆ ಇಂಡಕ್ಷನ್ ಸಾಲದು. ಹೀಟರ್ ತಂತಿ ಹಾಕಿದರೆ 850 ಡಿಗ್ರಿ ಕಷ್ಟವೇನಲ್ಲ, ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ಉಳಿದಿರುವುದು 60 ಕೆವಿಎ. ಕೊಟೇಶನ್ ತರಿಸಿಲ್ಲ. ಕುಲುಮೆಯ ಬಾಗಿಲು, ಗೋಡೆ, ಚಿಮಣಿಗೆ ಬಿಸಿ ಅಳೆಯುವ ಥರ್ಮೋಕಪಲ್ ಕಟ್ಟಿದ್ದೇವೆ. ಅಣ್ಣ ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಮ್ಮೆ ಬರೆಯುತ್ತಿದ್ದಾರೆ. ನಿನ್ನೆಯ ಹಾಳೆಯಲ್ಲಿ ಬಾಗಿಲಿನ ಅಂಚು 310 ಡಿಗ್ರಿ ಅಂತ ಇದೆ. ಸೀಲ್ ಹೋಗಿದೆ, ನಾಳೆ ಬಿಚ್ಚಬೇಕು.